ಸ್ವಲ್ಪ ಹಣದಲ್ಲಿ ಪುಷ್ಟಿಯುಳ್ಳ ಊಟ

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬರು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಿಂದ ನಮಗೆ ಪತ್ರ ಬರೆದರು. ಅವರ ಮಗಳು ಒಂಬತ್ತನೆಯ ತರಗತಿಯವಳು. ಮುಂಜಾನೆ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದಾಗ ಅವಳು ಕಣ್ಣು ಕತ್ತಲೆಗಟ್ಟಿ ನೆಲಕ್ಕೆ ಬಿದ್ದಳಂತೆ. ವೈದ್ಯರು ರಕ್ತಪರೀಕ್ಷೆ ಮಾಡಿಸಲಾಗಿ ಹಿಮೋಗ್ಲೋಬಿನು ಒಂಬತ್ತಕ್ಕಿಂತಲೂ ಕೆಳಗಿರುವದು ತಿಳಿದುಬಂತು. ಆ ವಯಸ್ಸಿನ ಹುಡುಗಿಗೆ ಅದು ಹನ್ನೆರಡಕ್ಕೆ ಕಡಿಮೆಯಿರಬಾರದು. “ಅಕ್ಕೋರೇ, ಸೇಬು ತಿನ್ನಿಸು, ದಾಳಿಂಬೆ ತಿನ್ನಿಸು, ಡಬ್ಬಿಯ ಪುಡಿಯನ್ನು ಹಾಲಿಗೆ ಹಾಕಿ ಕೊಡು ಎಂದು ಬಂದವರೆಲ್ಲ ಹೇಳುತ್ತಾರೆ. ನಮ್ಮ ಮನೆಯಲ್ಲಿ ಐದು ಜನ. ವಾರದ ಸಂತೆಗೆ ನನ್ನ ಕೈಯಲ್ಲಿ ಉಳಿಯುವದು ಒಂದು ಸಾವಿರ ರೂಪಾಯಿ. ಇದರಲ್ಲಿ ನಾನು ಏನು ಮಾಡಲಿ?” ಎಂಬುದು ಅವರ ಪ್ರಶ್ನೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರುಷದೊಳಗಿನ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯುಂಟು. ಈ ಸ್ಮರಣಸಂಚಿಕೆಯು ತಲುಪುವ ಮನೆಗಳಲ್ಲಿಯೂ ಅಂಥವರು ಅನೇಕರಿರಬೇಕು. ಆದುದರಿಂದ ಆ ತಾಯಿಯ ಅಪ್ಪಣೆಯನ್ನು ಪಡೆದು, ಅವರಿಗೆ ನಾವು ಕೊಟ್ಟ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತೇವೆ.

ಮೊದಲು ಒಂದು ಮಾತು. ರಕ್ತವು ಇಷ್ಟು ಇಳಿದ ಮೇಲೆ ಊಟವೊಂದರಿಂದಲೇ ಅದನ್ನು ಏರಿಸುವೆನೆಂದು ಕುಳಿತುಕೊಳ್ಳಬಾರದು. ವೈದ್ಯರು ಕೊಟ್ಟ ಕಬ್ಬಿಣಾಂಶದ ಗುಳಿಗೆಗಳನ್ನು ಅವರು ಹೇಳಿದಷ್ಟು ತಿಂಗಳು ಬಿಡದೆ ನುಂಗತಕ್ಕದ್ದು. ಹೊಟ್ಟೆ ತೊಳಸುತ್ತದೆಂದು ನಾಲ್ಕು ದಿನಕ್ಕೇ ಗುಳಿಗೆಯನ್ನು ಗೂಡಿನಲ್ಲಿಟ್ಟ ಹುಡುಗಿಯರನ್ನು ನಾವು ಬಹಳ ಕಂಡಿದ್ದೇವೆ. ಗುಳಿಗೆಯು ಬಿದ್ದವಳನ್ನು ಎಬ್ಬಿಸುವದು. ಮತ್ತೆ ಬೀಳದಂತೆ ನೋಡಿಕೊಳ್ಳುವದು ಊಟದ ಕೆಲಸ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ವಾರದ ಸಂತೆಯ ಖರ್ಚನ್ನು ಬಿಡದೆ ಬರೆದು ಕಳಿಸಿರೆಂದು ನಾವು ಕೇಳಿಕೊಂಡೆವು. ಅವರು ಪ್ರಾಮಾಣಿಕವಾಗಿ ಬರೆದು ಕಳಿಸಿದರು. ಜೋಳವನ್ನು ಸುಗ್ಗಿಯಲ್ಲಿಯೇ ಕೊಂಡು ಇಟ್ಟಿರುತ್ತಾರೆ. ಅಕ್ಕಿಯು ಪಡಿತರದ ಅಂಗಡಿಯಿಂದ ಬರುವದು. ಉಳಿದದ್ದು ಹೀಗಿತ್ತು: ಅಡಿಗೆಯ ಎಣ್ಣೆ ಎರಡು ಲೀಟರು, 280 ರೂಪಾಯಿ, ಸಕ್ಕರೆ ಮತ್ತು ಚಹಾಪುಡಿ, 150, ಮಕ್ಕಳಿಗೆ ಬಿಸ್ಕೀಟು ಮತ್ತು ಅಂಗಡಿಯ ಕುರುಕಲು, 140, ಉಳ್ಳಾಗಡ್ಡಿ, ಟೊಮೇಟೊ, ಕಾಯಿಪಲ್ಯ, 200, ಹಾಲು ದಿನಕ್ಕೆ ಅರ್ಧ ಲೀಟರು, 160, ತೊಗರಿಬೇಳೆ ಅರ್ಧ ಕಿಲೋ, 70. ಒಟ್ಟು ಸರಿಯಾಗಿ ಸಾವಿರ.

ಓದುವವರು ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಬೇಕೆಂದು ಬೇಡುತ್ತೇವೆ. ಐದು ಜನಕ್ಕೆ ಏಳು ದಿನಕ್ಕೆ ಅರ್ಧ ಕಿಲೋ ಬೇಳೆ. ಭಾಗಿಸಿದರೆ ತಲೆಗೆ ದಿನಕ್ಕೆ ಹದಿನಾಲ್ಕು ಗ್ರಾಮು. ಅಂದರೆ ಒಂದು ದೊಡ್ಡ ಚಮಚೆಯಷ್ಟು. ಸಾರು ದಿನಾಲು ಮಾಡುತ್ತಾರೆ, ಅದು ಹಳದಿಯಾಗಿಯೂ ಇರುತ್ತದೆ; ಆದರೆ ಅದರಲ್ಲಿ ಬೇಳೆಗಿಂತ ಅರಿಸಿನವೇ ಹೆಚ್ಚು. ಈ ತಾಯಿಯು ದುಂದುಗಾರಳಲ್ಲ. ಕೈ ಬಿಗಿಯಾದಾಗ ನಮ್ಮ ಸೀಮೆಯ ಮನೆಗಳಲ್ಲೆಲ್ಲ ನಡೆಯುವದು ಇದೇ. ರೊಟ್ಟಿಯನ್ನು ಕಡಿಮೆ ಮಾಡುವಂತಿಲ್ಲ, ಯಾಕಂದರೆ ಹೊಟ್ಟೆಯು ಕೂಡಲೇ ಕೂಗುವದು. ಎಣ್ಣೆಯನ್ನು ಕಡಿಮೆ ಮಾಡಿದರೆ ನಾಲಿಗೆಯು ಕೂಗುವದು. ಬೇಳೆಯನ್ನು ಕಡಿಮೆ ಮಾಡಿದರೆ ಯಾರೂ ಕೂಗುವದಿಲ್ಲ. ಸಾರಿಗೆ ಒಂದು ಚೊಂಬು ನೀರು ಹೆಚ್ಚಾದರೆ ತೀರಿತು. ಅದರ ಫಲವು ಆರು ತಿಂಗಳ ಮೇಲೆ ಶಾಲೆಯ ಅಂಗಳದಲ್ಲಿ ಕಾಣುವದು.

ಹೊಟ್ಟೆ ತುಂಬುವದು ಬೇರೆ, ಮೈಗೆ ಪುಷ್ಟಿಯಾಗುವದು ಬೇರೆ ಎಂಬುದನ್ನು ನಮ್ಮ ಸೀಮೆಯು ಬಹಳ ಕಷ್ಟದಿಂದ ಕಲಿತಿದೆ. 1876ರಿಂದ 1878ರ ವರೆಗೆ ದಕ್ಷಿಣ ದೇಶದಲ್ಲಿ ಬಿದ್ದ ದೊಡ್ಡ ಬರದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯು ಬಹಳವಾಗಿ ನೊಂದಿತು. ಬರದ ಕಾಮಗಾರಿಗಳಲ್ಲಿ ದುಡಿಯುವ ಕೂಲಿಯವರಿಗೆ ಎಷ್ಟು ಕೊಡಬೇಕೆಂಬ ವಿಷಯದಲ್ಲಿ ಆಗ ಮದ್ರಾಸು ಪ್ರಾಂತದಲ್ಲಿ ಒಂದು ದೊಡ್ಡ ವಾದವು ನಡೆಯಿತು. ಹಿಂದುಸ್ಥಾನ ಸರಕಾರದಿಂದ ಬಂದ ಸರ್ ರಿಚರ್ಡ್ ಟೆಂಪಲ್ ಎಂಬವರು 1877ರಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಮು, ಮತ್ತು ಒಂದು ಆಣೆ ಸಾಕೆಂದು ಗೊತ್ತುಮಾಡಿದರು. ಮದ್ರಾಸಿನ ಆರೋಗ್ಯ ಇಲಾಖೆಯ ಮುಖ್ಯರಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬವರು ಇದನ್ನು ಬಲವಾಗಿ ವಿರೋಧಿಸಿದರು. ದುಡಿಯುವವನಿಗೆ ಒಂದೂವರೆ ಪೌಂಡು ಧಾನ್ಯ ಬೇಕು. ಅಷ್ಟೇ ಅಲ್ಲದೆ ಬೇಳೆಕಾಳೂ ಕಾಯಿಪಲ್ಯವೂ ಅದರ ಸಂಗಡ ಇರಲೇಬೇಕು ಎಂಬುದು ಅವರ ವಾದ. ಅದೇ ವರುಷ ಮಾರ್ಚಿಯಲ್ಲಿ ಮದ್ರಾಸು ಸರಕಾರವು ಅವರ ಮಾತನ್ನು ಅರ್ಧಮಟ್ಟಿಗೆ ಒಪ್ಪಿ, ಒಂದೂಕಾಲು ಪೌಂಡು ಧಾನ್ಯವನ್ನೂ ಒಂದೂವರೆ ಔನ್ಸು ಬೇಳೆಯನ್ನೂ ನಿಗದಿಮಾಡಿತು. ಒಂದೂವರೆ ಔನ್ಸೆಂದರೆ ನಲವತ್ತು ಗ್ರಾಮಿಗಿಂತ ತುಸು ಹೆಚ್ಚು. ಬರದಲ್ಲಿ ಪ್ರಾಣ ಉಳಿಸುವದಕ್ಕೆಂದು ಒಬ್ಬ ಕೂಲಿಯವನಿಗೆ ಗೊತ್ತುಮಾಡಿದ ಬೇಳೆಯು, ಇಂದು ಬರವಿಲ್ಲದ ವರುಷದಲ್ಲಿ ಈ ಮನೆಯವರಿಗೆ ತಲೆಗೆ ಸಿಕ್ಕುತ್ತಿದ್ದ ಬೇಳೆಯ ಮೂರು ಪಟ್ಟು! ಇದನ್ನು ಲೆಕ್ಕಮಾಡಿ ನೋಡಿದ ದಿವಸ ನಮಗೆ ಊಟ ರುಚಿಸಲಿಲ್ಲ.

ಜೋಳವು ಕೆಟ್ಟ ಧಾನ್ಯವೆಂದು ಯಾರೂ ತಿಳಿಯಬಾರದು. ನೂರು ಗ್ರಾಮು ಜೋಳದಲ್ಲಿ ಸುಮಾರು ಹತ್ತು ಗ್ರಾಮು ಪ್ರೋಟೀನು ಇರುವದು, ಸಜ್ಜೆಯಲ್ಲಿ ಹನ್ನೊಂದು, ಹೊಳಪು ಕೊಟ್ಟ ಅಕ್ಕಿಯಲ್ಲಿ ಎಂಟು. ಕಬ್ಬಿಣಾಂಶವು ಅಷ್ಟೇ ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿಗೂ ಕಡಿಮೆ, ಜೋಳದಲ್ಲಿ ಸುಮಾರು ನಾಲ್ಕು, ಸಜ್ಜೆಯಲ್ಲಿ ಆರಕ್ಕೆ ಮೇಲೆ. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಒಂದು ಅಂಶವು ಕಡಿಮೆ. ಕಾಳುಗಳಲ್ಲಿ ಅದೇ ಅಂಶವು ಹೇರಳ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವದು. ಒಂದನ್ನೇ ಉಂಡರೆ ತಿಂದದ್ದರಲ್ಲಿ ಬಹುಭಾಗವು ಮೈಗೆ ಹತ್ತದೆ ಹೋಗುವದು. ರೊಟ್ಟಿಗೆ ಕಾಳಿನ ಪಲ್ಯ, ರೊಟ್ಟಿಗೆ ಝುಣಕ, ರೊಟ್ಟಿಗೆ ಶೇಂಗಾ ಹಿಂಡಿ ಎಂದು ನಮ್ಮ ಅಜ್ಜಿಯರು ಮಾಡಿದ ಜೋಡಿಗಳಿಗೆ ಪುಸ್ತಕದ ಆಧಾರವಿರಲಿಲ್ಲ. ಆದರೂ ಲೆಕ್ಕವು ತಪ್ಪಿರಲಿಲ್ಲ.

ಬರೀ ಜೋಳವನ್ನೇ ನಂಬಿದರೆ ಏನಾಗುವದೆಂಬುದಕ್ಕೂ ದೃಷ್ಟಾಂತವುಂಟು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು 1918ರಲ್ಲಿ ಕೂನೂರಿನಲ್ಲಿ ಒಂದು ಸಣ್ಣ ಪ್ರಯೋಗಶಾಲೆಯಾಗಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂತು. ದಖನ್ ಪ್ರಸ್ಥಭೂಮಿಯ ಬಡ ಕೂಲಿಕಾರರಲ್ಲಿ ಬಿಸಿಲಿಗೆ ಬಿದ್ದ ಚರ್ಮವು ಕಪ್ಪಾಗಿ ಒಡೆದು, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಬುದ್ಧಿಯೂ ಮಂಕಾಗುವ ಪೆಲಾಗ್ರ ಎಂಬ ರೋಗವನ್ನು ಆ ಸಂಸ್ಥೆಯವರು ಕಂಡರು. ರೋಗಿಗಳು ಹೆಚ್ಚಾಗಿ ಜೋಳವನ್ನೇ ಉಣ್ಣುವವರು. ಡಾಕ್ಟರ್ ಗೋಪಾಲನ್ ಮತ್ತು ಡಾಕ್ಟರ್ ಶ್ರೀಕಂಠಯ್ಯ ಎಂಬವರು 1960ರಲ್ಲಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶವು ಮಿತಿಮೀರಿ ಇರುವದೇ ಇದಕ್ಕೆ ಕಾರಣವಾಗಿರಬಹುದೆಂದು ಬರೆದರು. ಆ ಕಾರಣದ ವಿಷಯದಲ್ಲಿ ಪಂಡಿತರ ಚರ್ಚೆಯು ಮುಂದೆ ಬಹುಕಾಲ ನಡೆಯಿತು. ಅಡಿಗೆಯ ಮನೆಗೆ ಬೇಕಾದ ಸಂಗತಿ ಮಾತ್ರ ಸ್ಪಷ್ಟ: ಜೋಳದ ಸಂಗಡ ಕಾಳು, ಶೇಂಗಾ, ಹಾಲು-ಮಜ್ಜಿಗೆ ಇದ್ದ ಮನೆಯನ್ನು ಆ ರೋಗವು ಹೊಗುವದಿಲ್ಲ. ಅದನ್ನು ತಡೆಯುವ ನಯಾಸಿನ್ ಎಂಬ ಜೀವಸತ್ವವು ಶೇಂಗಾದಲ್ಲಿ ವಿಶೇಷವಾಗಿ ಉಂಟು.

ಈ ಉಪದೇಶವನ್ನು ಮಾಡುವ ನಾವೇ ಇದರಲ್ಲಿ ಒಮ್ಮೆ ತಪ್ಪಿದ್ದೇವೆ. 2015ರಲ್ಲಿ ತೊಗರಿಬೇಳೆಯ ದರವು ಪಟ್ಟಣಗಳಲ್ಲಿ ಕಿಲೋಕ್ಕೆ ಇನ್ನೂರು ರೂಪಾಯಿಯ ಸುತ್ತಮುತ್ತ ಏರಿದ್ದು ಓದುವವರಿಗೆ ನೆನಪಿರಬಹುದು. ಆಗ ನಾವು ಬೇರೊಂದು ಊರಿನಲ್ಲಿ ಹುಡುಗಿಯರ ವಸತಿಗೃಹದ ಅಡಿಗೆಯ ಲೆಕ್ಕ ನೋಡುತ್ತಿದ್ದೆವು. ಕೊಟ್ಟ ಹಣದಲ್ಲಿ ತಿಂಗಳು ದಾಟಿಸಬೇಕು. ನಾವು ಬೇಳೆಯನ್ನು ಅರ್ಧಮಾಡಿ, ಅಕ್ಕಿಯನ್ನು ಸ್ವಲ್ಪ ಹೆಚ್ಚಿಸಿ, ಲೆಕ್ಕ ಸರಿಹೋಯಿತೆಂದು ಸಂತೋಷಪಟ್ಟೆವು. ಚಳಿಗಾಲ ಮುಗಿಯುವದರೊಳಗೆ ಹತ್ತಾರು ಹುಡುಗಿಯರ ಬಾಯಿಯ ಮೂಲೆಗಳು ಒಡೆದವು. ಸಾಯಂಕಾಲದ ಆಟಕ್ಕೆ ಬರುವವರು ಕಡಿಮೆಯಾದರು. ಅದನ್ನು ಚಳಿಯ ಬಿರುಕೆಂದು ತಿಳಿದು ನಾವು ಕೊಬ್ಬರಿ ಎಣ್ಣೆಯನ್ನು ಹಂಚಿದೆವು! ತೊಗರಿಯು ತುಟ್ಟಿಯಾಗಿದ್ದ ಆ ದಿನಗಳಲ್ಲಿಯೇ ಹುರಳಿ, ಅಲಸಂದಿಗಳು ಅದಕ್ಕಿಂತ ಬಹಳ ಸೋವಿಯಾಗಿ ಅದೇ ಪೇಟೆಯಲ್ಲಿ ರಾಶಿಬಿದ್ದಿದ್ದವು. ಸಾರೆಂದರೆ ತೊಗರಿಯದೇ ಎಂಬ ಅಭ್ಯಾಸದಿಂದ ನಮ್ಮ ಕಣ್ಣು ಅತ್ತ ಹೋಗಲಿಲ್ಲ.

ಆದುದರಿಂದ ಸಂತೆಗೆ ಹೋಗುವ ಮುಂಚೆ ಒಂದು ಸಣ್ಣ ಭಾಗಾಕಾರವನ್ನು ಮಾಡಿರಿ. ತೊಗರಿಬೇಳೆ, ಹುರಳಿ, ಹೆಸರು, ಅಲಸಂದಿ ಇವುಗಳಲ್ಲಿ ಯಾವುದೇ ಆಗಲಿ, ಒಂದು ಕಿಲೋದಲ್ಲಿ ಪ್ರೋಟೀನು 210ರಿಂದ 225 ಗ್ರಾಮಿನ ವರೆಗೆ ಇರುವದು. ಶೇಂಗಾದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಇದನ್ನು ಆ ವಾರದ ದರದಿಂದ ಭಾಗಿಸಿದರೆ ಒಂದು ರೂಪಾಯಿಗೆ ಎಷ್ಟು ಸಿಕ್ಕಿತೆಂದು ತಿಳಿಯುವದು. ಆ ತಾಯಿಯ ಸಂತೆಯಲ್ಲಿ ತೊಗರಿಬೇಳೆ 140, ಹುರಳಿ 80, ಅಲಸಂದಿ 100, ಹೆಸರು 120, ಶೇಂಗಾ 130, ಮೊಟ್ಟೆ ಒಂದಕ್ಕೆ 7 ರೂಪಾಯಿ ಇದ್ದವು. ಹಾಗಾದರೆ ರೂಪಾಯಿಗೆ ತೊಗರಿಯಿಂದ ಒಂದೂವರೆ ಗ್ರಾಮು, ಹುರಳಿಯಿಂದ ಎರಡೂವರೆಗೂ ಮೇಲೆ, ಮೊಟ್ಟೆಯಿಂದ ಒಂದಕ್ಕೆ ತುಸು ಕಡಿಮೆ ಬರುವದು. ದರಗಳು ವಾರದಿಂದ ವಾರಕ್ಕೆ ಬದಲಾಗುವವು, ಭಾಗಾಕಾರವು ಬದಲಾಗುವದಿಲ್ಲ. ಗಣಿತವು ಬಾರದೆಂದು ಹಿಂದೆ ನಮ್ಮಿಂದ ಬೈಸಿಕೊಂಡವರೂ ಇದನ್ನು ಮಾಡಬಲ್ಲರು.

ಅವರ ಅದೇ ಸಾವಿರ ರೂಪಾಯಿಯನ್ನು ನಾವು ಹೀಗೆ ಹಂಚಿ ತೋರಿಸಿದೆವು. ಎಣ್ಣೆ ಎರಡು ಲೀಟರಿನ ಬದಲು ಒಂದು, 140 ರೂಪಾಯಿ. ಪೋಷಣ ಸಂಸ್ಥೆಯವರು ತಲೆಗೆ ದಿನಕ್ಕೆ ಹೇಳುವ ಎಣ್ಣೆಯು ಸುಮಾರು 27 ಗ್ರಾಮು. ಐವರಿಗೆ ವಾರಕ್ಕೆ ಒಂದು ಲೀಟರಿನ ಸುಮಾರಿಗೇ ಬರುವದು. ಸಕ್ಕರೆ, ಬೆಲ್ಲ, ಚಹಾಪುಡಿ ಕೂಡಿ 90. ಕಾಯಿಪಲ್ಯ ಮೊದಲಿನಂತೆ 200, ಹಾಲು ಮೊದಲಿನಂತೆ 160. ತೊಗರಿಬೇಳೆ ಮುಕ್ಕಾಲು ಕಿಲೋ, 105; ಹುರಳಿ ಮುಕ್ಕಾಲು ಕಿಲೋ, 60; ಹೆಸರು ಅರ್ಧ ಕಿಲೋ, 60; ಅಲಸಂದಿ ಅರ್ಧ ಕಿಲೋ, 50. ಶೇಂಗಾ ಅರ್ಧ ಕಿಲೋ, 65. ಮೊಟ್ಟೆ ಹತ್ತು, ತಲೆಗೆ ಎರಡರಂತೆ, 70. ಒಟ್ಟು ಅದೇ ಸಾವಿರ. ಬೇಳೆಕಾಳು ಮಾತ್ರ ತಲೆಗೆ ದಿನಕ್ಕೆ ಹದಿನಾಲ್ಕು ಗ್ರಾಮಿನಿಂದ ಎಪ್ಪತ್ತಕ್ಕೆ ಏರಿತು.

ಬಿಸ್ಕೀಟು ಎಲ್ಲಿ ಹೋಯಿತೆಂದು ಮಕ್ಕಳು ಕೇಳುವರು. ಶೇಂಗಾವನ್ನು ಹುರಿದು ಬೆಲ್ಲದೊಡನೆ ಕುಟ್ಟಿ ಉಂಡೆಮಾಡಿ ಡಬ್ಬಿಯಲ್ಲಿಡಬೇಕು. ಹಬ್ಬಕ್ಕೂ ಹುಟ್ಟುಹಬ್ಬಕ್ಕೂ ಬಿಸ್ಕೀಟು ಬಂದರೆ ನಮ್ಮ ತಕರಾರಿಲ್ಲ. ವಾರಕ್ಕೆ 140 ರೂಪಾಯಿಯಷ್ಟು ಬರುವದಕ್ಕೆ ಮಾತ್ರ ತಕರಾರುಂಟು. ಮಾಂಸ ತಿನ್ನುವ ಮನೆಗಳಲ್ಲಿ ಭಾನುವಾರಕ್ಕೆಂದು ಅರ್ಧ ವಾರದ ಹಣವನ್ನು ಕಳೆಯದೆ, ತಿಂಗಳಿಗೊಮ್ಮೆ ಮಾಂಸವನ್ನು ತಂದು ಉಳಿದ ವಾರ ಮೊಟ್ಟೆಯನ್ನೋ ತುಂಗಭದ್ರಾ ಜಲಾಶಯದ ಸಣ್ಣ ಮೀನನ್ನೋ ತರುವದು ಲೇಸು.

ಇನ್ನು ತಪ್ಪಲಿನ ವಿಷಯ. ಇದರಲ್ಲಿ ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಹೊಲಗಳು ಗಂಗಾವತಿಯ ನೀರಾವರಿಗಿಂತ ಶ್ರೀಮಂತವೆಂದು ನಾವು ಹೇಳುತ್ತೇವೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಬಿತ್ತದೆ ಬೆಳೆಯುವ ಹಕ್ಕರಿಕೆ, ಗೋಳಿಪಲ್ಯ, ರಾಜಗಿರಿಗಳಿಗೆ ದುಡ್ಡು ಕೊಡಬೇಕಾಗಿಲ್ಲ. ಕಳೆ ತೆಗೆಯುವ ಹೆಂಗಸರು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದ ಈ ಪಲ್ಯಗಳನ್ನು, ನಾಲ್ಕು ಅಕ್ಷರ ಕಲಿತ ಮೇಲೆ ಬಡವರ ಪಲ್ಯವೆಂದು ನಾವೇ ಬಿಟ್ಟೆವು. ಆದರೆ ಕಳೆನಾಶಕ ಔಷಧ ಹೊಡೆದ ಹೊಲದ ತಪ್ಪಲನ್ನು ಕೀಳಬಾರದು; ಹೊಲದವರನ್ನು ಕೇಳಿಯೇ ಕೀಳಬೇಕು. ಪುಂಡಿಪಲ್ಯವನ್ನು ಜೋಳದ ನುಚ್ಚು ಮತ್ತು ಬೇಳೆ ಹಾಕಿ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಅದೊಂದೇ ಊಟವಾಗುವದು. ಹಿತ್ತಲಲ್ಲಿ ಒಂದು ನುಗ್ಗೆಯ ಗಿಡವಿದ್ದರೆ ವರುಷವೆಲ್ಲ ತಪ್ಪಲು. ಕಬ್ಬಿಣ, ಸುಣ್ಣ, ಕಣ್ಣಿಗೆ ಬೇಕಾದ ‘ಎ’ ಜೀವಸತ್ವ ಮೂರೂ ಅದರಲ್ಲಿ ಉಂಟು.

ಕಾಳಿನ ಮತ್ತು ತಪ್ಪಲಿನ ಕಬ್ಬಿಣಾಂಶವು ಮೈಗೆ ಸುಲಭವಾಗಿ ಹತ್ತುವದಿಲ್ಲ. ಅದಕ್ಕೆ ‘ಸಿ’ ಜೀವಸತ್ವದ ಸಹಾಯ ಬೇಕು. ಊಟದ ತಾಟಿಗೆ ಅರ್ಧ ಲಿಂಬೆಹಣ್ಣನ್ನು ಹಿಂಡಿಕೊಳ್ಳುವದು, ಹಸಿ ಮೆಂತ್ಯೆಯ ಎಳೆಯ ತಪ್ಪಲನ್ನೂ ಮೂಲಂಗಿಯನ್ನೂ ರೊಟ್ಟಿಗೆ ಕಚ್ಚಿಕೊಳ್ಳುವದು, ಪೇರಲದ ಕಾಲದಲ್ಲಿ ಊಟದ ಸಂಗಡ ಒಂದು ಪೇರಲ ಹಣ್ಣು ತಿನ್ನುವದು, ಇವೆಲ್ಲ ಸೇಬಿಗಿಂತ ಹೆಚ್ಚಿನ ಕೆಲಸ ಮಾಡುವವು. ಹೆಸರು, ಮಡಕಿಗಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಅದೇ ಜೀವಸತ್ವವು ಕಾಳಿನೊಳಗೆ ಹುಟ್ಟುವದು. ಬೋಗುಣಿಯೂ ತುಂಬಿ ಕಾಣುವದು. ಇದಕ್ಕೆ ವಿರುದ್ಧವಾಗಿ ಚಹಾವು ಕಬ್ಬಿಣವನ್ನು ಹಿಡಿದು ಮೈಗೆ ಹತ್ತದಂತೆ ಮಾಡುವದು. ಮುಂಜಾನೆ ಚಹಾದಲ್ಲಿ ರೊಟ್ಟಿ ಅದ್ದಿಕೊಂಡು ಶಾಲೆಗೆ ಓಡುವ ಹುಡುಗಿಯರಿಗೆ ಇದನ್ನು ಎಷ್ಟು ಸಾರಿ ಹೇಳಿದರೂ ಸಾಲದು. ಚಹಾ ಬೇಕೇಬೇಕೆಂಬವರು ಊಟಕ್ಕೆ ಒಂದು ತಾಸು ಹಿಂದೆ ಅಥವಾ ಮುಂದೆ ಕುಡಿಯಲಿ.

ಪಡಿತರದ ಧಾನ್ಯದ ವಿಷಯವನ್ನು ಮರೆಯುವಂತಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಆದ್ಯತೆಯ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವು ಬರುವದು. ಐವರಿಗೆ 25 ಕಿಲೋ. ಅಂದರೆ ವಾರಕ್ಕೆ ಸುಮಾರು ಆರು. ಈ ಅಕ್ಕಿಯು ನಮ್ಮ ಸೀಮೆಯ ಬಡವರನ್ನು ಹಸಿವಿನಿಂದ ಉಳಿಸಿದೆಯೆಂಬುದರಲ್ಲಿ ಸಂದೇಹವಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿಯಲ್ಲಿ ಅನ್ನವೇ ಮನೆಯ ಊಟ. ಅಲ್ಲಿ ಹೊಸದೇನೂ ಆಗಲಿಲ್ಲ. ಆದರೆ ಒಣ ಬೇಸಾಯದ ಹಳ್ಳಿಗಳಲ್ಲಿ ಜೋಳ, ಸಜ್ಜೆ, ನವಣೆಗಳ ಜಾಗವನ್ನು ಅನ್ನವು ಹಿಡಿಯುತ್ತಿರುವದನ್ನು ನಾವು ಕಾಣುತ್ತಿದ್ದೇವೆ. ರೊಟ್ಟಿಗೆ ಏನಾದರೂ ಗಟ್ಟಿಯಾದ ಪಲ್ಯ ಬೇಕು. ಅನ್ನಕ್ಕೆ ತಿಳಿಸಾರು ಸಾಕಾಗುವದು. ಹೀಗೆ ಅಕ್ಕಿಯ ಹಿಂದೆ ಕಾಳೂ ಮನೆಯಿಂದ ಹೊರಟುಹೋಗುವದು. ಅಕ್ಕಿಯಿಂದ ಉಳಿದ ಹಣವು ಕಾಳಿಗೆ ಹೋದರೆ ಮಾತ್ರ ಅದು ನಿಜವಾದ ಉಳಿತಾಯ. ಮಧ್ಯಾಹ್ನ ಅನ್ನ, ರಾತ್ರಿ ರೊಟ್ಟಿ ಎಂದಾದರೂ ಗೊತ್ತುಮಾಡಿಕೊಳ್ಳಿರಿ. ಚಳಿಗಾಲದಲ್ಲಿ ಸಜ್ಜೆರೊಟ್ಟಿಯನ್ನು ಬಿಡಬೇಡಿರಿ. ದಿನಾಲು ಬಡಿಯುವದಕ್ಕೆ ಪುರಸೊತ್ತಿಲ್ಲದವರು ವಾರಕ್ಕೊಮ್ಮೆ ಕಟಕರೊಟ್ಟಿಯನ್ನು ಮಾಡಿ ಒಟ್ಟಿಟ್ಟುಕೊಂಡರೆ ಉರುವಲೂ ಉಳಿಯುವದು.

ಪತ್ರದ ಕೊನೆಗೆ ನಾವು ಒಂದು ಪ್ರಶ್ನೆಯನ್ನು ಕೇಳಿದ್ದೆವು: ನಿಮ್ಮ ಮನೆಯಲ್ಲಿ ಯಾವ ಕ್ರಮದಿಂದ ಉಣ್ಣುತ್ತೀರಿ? ಉತ್ತರವು ನಾವು ನಿರೀಕ್ಷಿಸಿದಂತೆಯೇ ಬಂತು. ಮೊದಲು ಯಜಮಾನರು ಮತ್ತು ಮಗ, ಆಮೇಲೆ ಅತ್ತೆಯವರು, ಕೊನೆಗೆ ತಾಯಿ ಮತ್ತು ಮಗಳು. ಗಡಿಗೆಯ ತಳದಲ್ಲಿ ಕಾಳು ಕೂತಿರುವದಲ್ಲವೇ ಎಂದು ಯಾರಾದರೂ ಹೇಳಬಹುದು. ಹಾಗಲ್ಲ, ಬಡಿಸುವವಳು ಗಂಡನಿಗೂ ಮಗನಿಗೂ ತಳದಿಂದಲೇ ಕಲಕಿ ಬಡಿಸುವಳು. ತಿಂಗಳು ತಿಂಗಳು ರಕ್ತವನ್ನು ಕಳೆದುಕೊಳ್ಳುವ ವಯಸ್ಸಿನ ಹುಡುಗಿಗೆ ಅದೇ ವಯಸ್ಸಿನ ಹುಡುಗನಿಗಿಂತ ಕಬ್ಬಿಣಾಂಶವು ಕಡಿಮೆ ಸಾಕೆಂದು ಯಾವ ವೈದ್ಯರೂ ಹೇಳಲಾರರು. ಮನೆಯ ಹಿರಿಯರ ಮನಸ್ಸನ್ನು ನೋಯಿಸಿರೆಂದು ನಾವು ಹೇಳಲಿಲ್ಲ. ಅಡಿಗೆ ಇಳಿಸಿದ ಕೂಡಲೇ, ಯಾರೂ ಕೂಡ್ರುವದಕ್ಕೆ ಮೊದಲು, ಐದು ಬಟ್ಟಲುಗಳಲ್ಲಿ ಕಾಳನ್ನು ಸಮನಾಗಿ ತೆಗೆದಿಡಿರಿ. ಆಮೇಲೆ ಯಾವ ಕ್ರಮದಿಂದ ಉಂಡರೂ ಚಿಂತೆಯಿಲ್ಲ ಎಂದಷ್ಟೇ ಬರೆದೆವು.

ದೀಪಾವಳಿಯ ಸುಮಾರಿಗೆ ಇನ್ನೊಂದು ಪತ್ರ ಬಂತು. ಹುಡುಗಿಯು ಗುಳಿಗೆಗಳನ್ನು ಬಿಡದೆ ನುಂಗಿದಳು. ರಕ್ತವು ಹನ್ನೊಂದರ ಹತ್ತಿರ ಬಂದಿದೆ. ಈಗ ಓಟದ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾಳೆ. ಐದು ಬಟ್ಟಲುಗಳ ಏರ್ಪಾಡಿಗೆ ಅತ್ತೆಯವರು ಎರಡು ದಿನ ಮುಖ ಸಿಂಡರಿಸಿ, ಮೂರನೆಯ ದಿನ ತಾವೇ ಬಟ್ಟಲುಗಳನ್ನು ಜೋಡಿಸಿದರಂತೆ. ಆದರೆ ಒಂದು ತೊಡಕುಂಟು. ಐದನೆಯ ತರಗತಿಯ ಮಗನು ಹುರಳಿಯನ್ನು ಮುಟ್ಟುವದಿಲ್ಲ. “ಎತ್ತಿಗೆ ಹಾಕುವ ಕಾಳನ್ನು ನಾನೇಕೆ ತಿನ್ನಲಿ ಎನ್ನುತ್ತಾನೆ. ಇದಕ್ಕೇನು ಮಾಡಲಿ, ಅಕ್ಕೋರೇ?”

ಇದಕ್ಕೆ ನಾವು ಕೊಟ್ಟ ಉತ್ತರವು ಬೇರೆ ತಾಯಂದಿರಿಗೂ ಉಪಯೋಗವಾದೀತು. ಹುರಳಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ, ಘಮ್ಮೆಂದು ವಾಸನೆ ಬರುವ ತನಕ ಹುರಿಯಬೇಕು. ಆರಿದ ಮೇಲೆ ನಾಲ್ಕು ಎಸಳು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಸ್ವಲ್ಪ ಒಣಕೊಬ್ಬರಿ, ಹುಣಸೆಹಣ್ಣು, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಬೇಕು. ಇದು ಹದಿನೈದು ದಿನ ಕೆಡುವದಿಲ್ಲ. ಬಿಸಿರೊಟ್ಟಿಯ ಮೇಲೆ ಹರವಿ, ಒಂದು ಚಮಚೆ ಶೇಂಗಾ ಎಣ್ಣೆ ಹನಿಸಿ, ಸುರುಳಿ ಸುತ್ತಿ ಅವನ ಕೈಗೆ ಕೊಡಿರಿ. ಅದು ಯಾವ ಕಾಳೆಂದು ಅವನು ಕೇಳುವ ತನಕ ಹೇಳಬೇಡಿರಿ.